ಮುಷ್ಷೋ ಹುಷ್ಷೋ: ಒಂದು ಹಾಡಿನ ಬೆನ್ನು ಹತ್ತಿ ಐದು ದಿನ

ಇದೆಲ್ಲ ಶುರುವಾಗಿದ್ದು ನನ್ನ ತಂಗಿಯ ಟರ್ಕಿ ಧಾರಾವಾಹಿಗಳಿಂದ. ಮೂರು ವರ್ಷ ಬಿಡದೆ ನೋಡಿ ನೋಡಿ ಅವಳಿಗೆ ಆ ಭಾಷೆ ಅರ್ಧಂಬರ್ಧ ಬಂದುಬಿಟ್ಟಿದೆ. ಒಂದು ಕಂತಿನಲ್ಲಿ ಯಾರೋ ಮುದುಕಿ ಒಲೆ ಮುಂದೆ ಕೂತು ಒಂದು ಹಾಡು ಹೇಳುತ್ತಾಳೆ. ‘ಬುರಾಸಿ ಮುಷ್ತುರ್, ಯೋಲು ಯೋಕುಷ್ತುರ್. ಗಿದೆನ್ ಗೆಲ್ಮಿಯೋರ್, ಅಜೆಪ್ ನೆ ಇಷ್ತಿರ್.’ ಅರ್ಥ ಗೊತ್ತಾಗುವ ಮೊದಲೇ ನನಗೆ ಬಾಯಿಪಾಠ ಆಯಿತು. ಇದು ಮುಷ್, ಇದರ ದಾರಿ ಏರು. ಹೋದವರು ಬರುತ್ತಿಲ್ಲ, ಇದೇನು ಸೋಜಿಗವೋ. ಯೆಮೆನ್‌ಗೆ ದಂಡಿಗೆ ಹೋಗಿ ಅಲ್ಲೇ ಸತ್ತ ಸಿಪಾಯಿಗಳ ಮೇಲೆ ಹಾಡಿದ್ದು. ಟರ್ಕಿಯಲ್ಲಿ ಇದು ಗೊತ್ತಿಲ್ಲದವರು ಇಲ್ಲ.

ಮುಷ್ ಅನ್ನೋ ಊರು ನಿಜವಾಗಿಯೂ ಇದೆ, ಟರ್ಕಿಯ ಪೂರ್ವದ ತುದಿಯ ಕಡೆ. ‘ದಾರಿ ಏರು ಹೌದೋ ಅಲ್ಲವೋ ನೋಡೇ ಬಿಡೋಣ ಅಕ್ಕಾ’ ಅಂದಳು ತಂಗಿ. ವೀಸಾ, ವಿಮಾನದ ತಾಪತ್ರಯ ಎಲ್ಲ ಬಿಡಿ. ಮೇ ಮೊದಲ ವಾರ ನಾವು ಅಂಕಾರಾದಲ್ಲಿ ಇಳಿದೆವು.

ಮೊದಲ ದಿನ, ಅಂಕಾರಾ

ಅಂಕಾರಾದಲ್ಲಿ ನಮಗೆ ಇದ್ದದ್ದು ಒಂದು ಸಂಜೆ ಮಾತ್ರ. ಬ್ಯಾಗ್ ಒಗೆದು ಊಟ ಹುಡುಕುತ್ತಾ ಹೊರಟೆವು. ಪಕ್ಕದ ಬೀದಿಯಲ್ಲಿ ಜೋರು ಡೋಲು. ಜೊತೆಗೆ ನಮ್ಮ ಶಹನಾಯಿಯ ತಮ್ಮನಂಥ ಜುರ್ನಾ. ಒಂದು ಅಪಾರ್ಟ್‌ಮೆಂಟ್ ಎದುರು ಹುಡುಗರೆಲ್ಲ ಕೈ ಕೈ ಹಿಡಿದು ಕುಣಿಯುತ್ತಿದ್ದರು. ಕಾರುಗಳ ಮೇಲೆ ಬಾವುಟ. ನಡುವೆ ಒಬ್ಬ ಹುಡುಗನನ್ನು ಎತ್ತಿ ಎತ್ತಿ ಮೇಲಕ್ಕೆ ಹಾರಿಸುತ್ತಿದ್ದರು. ಅವನ ಅಂಗೈ ತುಂಬಾ ಮದರಂಗಿ.

‘ಮದುವಿ ಅಕ್ಕಾ!’ ಅಂದವಳೇ ತಂಗಿ ಗುಂಪಿನೊಳಗೆ ನುಗ್ಗಿದಳು. ಎರಡು ಹೆಜ್ಜೆ ಕುಣಿದಳು. ಹುಡುಗನ ಅವ್ವನಂತೆ ಕಂಡ ಹೆಂಗಸಿನ ಕೈ ಹಿಡಿದು ಧಾರಾವಾಹಿಯಲ್ಲಿ ಕಲಿತ ಶುಭಾಶಯ ಹೇಳಿ, ‘ಮದುಮಗಳು ಎಲ್ಲಿ?’ ಅಂತಲೂ ಕೇಳಿಬಿಟ್ಟಳು. ಆಕೆ ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿತ್ತು. ‘ಮದುಮಗಳು ಇಲ್ಲಮ್ಮಾ. ನನ್ನ ಮಗ ಸೈನ್ಯಕ್ಕೆ ಹೊರಟಿದ್ದಾನೆ.’

ಟರ್ಕಿಯಲ್ಲಿ ಗಂಡುಮಕ್ಕಳಿಗೆ ಸೈನ್ಯದ ಸೇವೆ ಕಡ್ಡಾಯ. 2019ರ ಕಾನೂನಿನ ಮೇಲೆ ಸಾಮಾನ್ಯ ಸಿಪಾಯಿಗೆ ಆರು ತಿಂಗಳು. ಹೊರಡುವವನಿಗೆ ಮದರಂಗಿ ಹಚ್ಚಿ, ಡೋಲು ಬಾರಿಸಿ ಕಳಿಸುತ್ತಾರೆ. ಮದರಂಗಿ ಅಲ್ಲಿ ಮೂವರಿಗೆ ಹಚ್ಚುತ್ತಾರಂತೆ. ಮದುಮಗಳಿಗೆ, ಬಲಿ ಕೊಡುವ ಟಗರಿಗೆ, ಸೈನ್ಯಕ್ಕೆ ಹೋಗುವ ಹುಡುಗನಿಗೆ. ಇದನ್ನು ಹೇಳಿದವನು ರೆಸ್ಟೋರೆಂಟಿನ ಹುಡುಗ, ಬೇಳೆ ಸೂಪು ಬಡಿಸುತ್ತಾ ಸುಮ್ನೆ ಹೇಳಿದ. ನಾವು ಇದನ್ನು ಒಂದು ತಮಾಷೆಯ ಪ್ರಸಂಗ ಅಂತ ಊರಿಗೆ ಫೋನಿನಲ್ಲಿ ಹೇಳಿ ನಕ್ಕೆವು.

ಸೂಪಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮಂಥ ಸಸ್ಯಾಹಾರಿಗಳನ್ನು ಕಾಪಾಡುವುದು ಈ ಮೆರ್ಜಿಮೆಕ್ ಸೂಪೇ. ತೊಗರಿ ಬೇಳೆ ಕಟ್ಟಿಗೆ ನಿಂಬೆ ಹಿಂಡಿದ ಹಾಗಿರುತ್ತದೆ. ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲೇ ಮಾಡುತ್ತಾರೆ. ‘ಎತ್ ಸುಯು ವಾರ್ ಮಿ’ ಅಂತ ಕೇಳಿಕೊಂಡೇ ಚಮಚ ಹಾಕಬೇಕು.

ಎರಡನೆಯ ದಿನ, ರೈಲಿನಲ್ಲಿ

ಅಂಕಾರಾದಿಂದ ವಾನ್ ಸರೋವರದ ದಡದ ತತ್ವಾನ್‌ಗೆ ಒಂದು ರೈಲಿದೆ. ಕೈಸೇರಿ, ಸಿವಾಸ್, ಮಲಾತ್ಯಾ, ಎಲಾಝಿ, ಮುಷ್ ಹೀಗೆ ಹೋಗುತ್ತದೆ. ಪೂರ್ತಿ ದಾರಿಗೆ ಒಂದು ದಿನಕ್ಕಿಂತ ಜಾಸ್ತಿ. ಮಲಗುವ ಡಬ್ಬಿಯ ಟಿಕೆಟ್ ಬೇಗ ಖಾಲಿಯಾಗುತ್ತವೆ. ನಮಗೆ ಸಿಕ್ಕಿದ್ದು ಕೂರುವ ಸೀಟು. ಆದರೂ ಪರವಾಗಿಲ್ಲ, ಧಾರವಾಡದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಓಡಾಡಿದ ಬೆನ್ನು ನಮ್ಮದು.

ಹೊರಗೆ ಹಸಿರು ಬಯಲು, ಎಲ್ಲೆಲ್ಲೋ ಒಂದು ಹಳ್ಳಿ, ಸಾಲು ಪಾಪ್ಲರ್ ಮರ. ಎದುರು ಸೀಟಿನಲ್ಲಿ ಕೈಸೇರಿಗೆ ಹೋಗುವ ದಂಪತಿ. ಸಂಜೆ ಡಬ್ಬಿ ಬಿಚ್ಚಿದರು ನೋಡಿ, ಇಡೀ ಬೋಗಿ ಮೆಂತ್ಯದ ವಾಸನೆ! ಮನೆಯ ಮೆಂತ್ಯಹಿಟ್ಟೇ ನೆನಪಾಯಿತು. ಅದು ಚೆಮೆನ್. ಮೆಂತ್ಯಪುಡಿ, ಬೆಳ್ಳುಳ್ಳಿ, ಕೆಂಪು ಮೆಣಸು ಕಲಸಿದ ಗಟ್ಟಿ ಚಟ್ನಿ. ಕೈಸೇರಿಯಲ್ಲಿ ಒಣಮಾಂಸಕ್ಕೆ ಇದನ್ನು ದಪ್ಪಗೆ ಮೆತ್ತುತ್ತಾರೆ. ನಾವು ಮಾಂಸ ಬೇಡ ಅಂದದ್ದಕ್ಕೆ ಆಂಟಿ ಬೇರೆ ಡಬ್ಬಿಯಿಂದ ಬರೀ ಚೆಮೆನ್ ತೆಗೆದು ಬ್ರೆಡ್ಡಿಗೆ ಹಚ್ಚಿಕೊಟ್ಟರು. ಎರಡು ದಿನ ನನ್ನ ಬೆರಳು ಅದೇ ವಾಸನೆ.

ತಂಗಿಗೆ ಹಾಡು ನೆನಪಾಯಿತು. ಅದರಲ್ಲೂ ಒಂದು ಕಡೆ ‘ಅದು ಯೆಮೆನ್, ಅದರ ಗುಲಾಬಿ ಚೆಮೆನ್’ ಅಂತ ಬರುತ್ತದೆ. ಹಾಗಾದರೆ ಯೆಮೆನ್‌ನ ಗುಲಾಬಿ ಎಂದರೆ ಮೆಂತ್ಯವೇ? ಅಂಕಲ್ ಗಡ್ಡ ಕೆರೆದುಕೊಂಡರು. ಚೆಮೆನ್ ಎಂದರೆ ಹುಲ್ಲುಗಾವಲು ಅಂತಲೂ ಅರ್ಥವಿದೆ, ಕೆಲವರು ಚಿಮೆನ್ ಅಂತಲೇ ಹಾಡುತ್ತಾರೆ ಅಂದರು. ‘ಮೆಂತ್ಯ ಅಲ್ಲ, ಹುಲ್ಲು.’ ಆಂಟಿ ಒಪ್ಪಲಿಲ್ಲ. ಯೆಮೆನ್ ಜನ ದಿನಾ ಮೆಂತ್ಯ ತಿನ್ನುತ್ತಾರೆ, ಗೊತ್ತಾ ಅಂದರು. ಅದೂ ನಿಜವೇ, ಅವರ ಊಟದಲ್ಲಿ ನೊರೆ ಬರಿಸಿದ ಮೆಂತ್ಯದ ಹುಲ್ಬಾ ಇರಲೇಬೇಕು. ಕೈಸೇರಿ ಬರುವವರೆಗೂ ಗಂಡ ಹೆಂಡತಿ ಇದೇ ಜಗಳ ಆಡಿದರು.

ರಾತ್ರಿ ನಿದ್ದೆ ಬರಲಿಲ್ಲ. ಯೆಮೆನ್ ಎಂದರೆ ನಮಗೆ ಏನು? ನನಗೆ ಗೊತ್ತಿದ್ದದ್ದು ಬಾಬಾಬುಡನ್ ತಂದ ಏಳು ಕಾಫಿ ಬೀಜ, ಅಷ್ಟೇ. ಟರ್ಕಿಯವರಿಗೆ ಅದು ಬೇರೆಯೇ ಕತೆ. ಸೂಯೆಜ್ ಕಾಲುವೆ 1869ರಲ್ಲಿ ತೆರೆಯಿತು. ದಂಡನ್ನು ಹಡಗಿನಲ್ಲಿ ಕೆಂಪು ಸಮುದ್ರಕ್ಕೆ ಸಾಗಿಸುವುದು ಸಲೀಸಾಯಿತು. 1872ರಲ್ಲಿ ಆಗ ಟರ್ಕಿಯನ್ನು ಆಳುತ್ತಿದ್ದ ಒಟ್ಟೊಮನ್ ಸಾಮ್ರಾಜ್ಯದ ಸೈನ್ಯ ಯೆಮೆನ್‌ನ ಸನಾ ಪಟ್ಟಣವನ್ನು ಹಿಡಿಯಿತು. ಹಿಡಿದದ್ದು ದಕ್ಕಲಿಲ್ಲ. ಒಂದರ ಹಿಂದೆ ಒಂದು ದಂಗೆ. 1904ರಿಂದ ಅಲ್ಲಿನ ಧಾರ್ಮಿಕ ನಾಯಕ ಇಮಾಮ್ ಯಾಹ್ಯಾನ ಜೊತೆ ಏಳು ವರ್ಷ ಗುದ್ದಾಟ, 1911ರಲ್ಲಿ ಒಪ್ಪಂದ. ಹಿಮದ ಊರಿನ ಹುಡುಗರು ಆ ಸೆಕೆಯಲ್ಲಿ ಗುಂಡಿಗಿಂತ ಜಾಸ್ತಿ ಕಾಯಿಲೆ, ಹಸಿವಿಗೆ ಸತ್ತರು. ಸಾಮ್ರಾಜ್ಯ 1918ರಲ್ಲಿ ಸೋತು ಕೂತಾಗಲೂ ಅಲ್ಲಿ ದಂಡು ಉಳಿದೇ ಇತ್ತು.

ಇನ್ನೊಂದು ಸಣ್ಣ ಎಳೆ. ಅದೇ ಯೆಮೆನ್‌ನ ಪಕ್ಕದ ಏಡನ್ ಬಂದರು ಆಗ ಬ್ರಿಟಿಷರದ್ದು, ಅದರ ಆಡಳಿತ ನಡೆಯುತ್ತಿದ್ದದ್ದು ಬೊಂಬಾಯಿ ಪ್ರಾಂತ್ಯದಿಂದ. ನಮ್ಮ ಧಾರವಾಡವೂ ಅದೇ ಪ್ರಾಂತ್ಯದಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಏಡನ್ನಿನ ಹೊರಗೆ ಟರ್ಕಿಯವರ ಎದುರು ನಿಂತವರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಅವರ ಮೇಲೆ ಯಾವ ಊರಿನಲ್ಲಿ ಯಾರು ಹಾಡು ಕಟ್ಟಿದರೋ.

ಮೂರನೆಯ ದಿನ, ಎಲಾಝಿ ಮತ್ತು ಹಾರ್ಪುಟ್

ಬೆಳಕು ಹರಿಯುವ ಹೊತ್ತಿಗೆ ಕಿಟಕಿ ಕೆಳಗೆ ನೀರೋ ನೀರು. ಯೂಫ್ರೆಟಿಸ್ ನದಿ, ಅವರ ಬಾಯಲ್ಲಿ ಫಿರಾತ್. ಅಣೆಕಟ್ಟಿನ ಹಿನ್ನೀರಿನ ಮೇಲೆ ಉದ್ದಾನುದ್ದ ಸೇತುವೆ, ರೈಲು ಅದರ ಮೇಲೆ ಹೋಗುತ್ತಲೇ ಇತ್ತು. ಶಾಲೆಯ ಪುಸ್ತಕದ ಯೂಫ್ರೆಟಿಸ್ ಇದೇನಾ ಅಂತ ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು.

ಎಲಾಝಿ 19ನೇ ಶತಮಾನದ ಊರು. ಹಳೆಯ ಊರು ಹಾರ್ಪುಟ್, ಮೇಲೆ ಗುಡ್ಡದ ಮೇಲಿದೆ. ಮಿನಿಬಸ್ ಹೋಗುತ್ತದೆ. ನಾವು ಬುದ್ಧಿವಂತರಲ್ಲವಾ, ಐದೇ ಕಿಲೋಮೀಟರು ಅಂತ ನಡೆದೆವು. ಅರ್ಧ ಏರುವಷ್ಟರಲ್ಲಿ ನನ್ನ ಬಲಗಾಲಿನ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡ್ ಬಿಗಿದು ಚಪ್ಪಟ ಚಪ್ಪಟ ಸದ್ದು ಮಾಡುತ್ತಾ ಹಾರ್ಪುಟ್ ನೋಡಿದೆ. ವಾಲಿ ನಿಂತ ಮಿನಾರಿನ ಹಳೆಯ ಮಸೀದಿ. ನೀರಿಗೆ ಬರವಿದ್ದಾಗ ಗಾರೆಗೆ ಹಾಲು ಸುರಿದು ಕಟ್ಟಿದರು ಅಂತ ಕತೆ ಹೇಳುವ ಕೋಟೆ. ಕೆಳಗೆ ಇಡೀ ಬಯಲು. ಗಾಳಿಯಂತೂ ಸ್ವೆಟರ್ ತೂರಿ ಬರುತ್ತದೆ. ಮೇ ತಿಂಗಳು ಅಂತ ನಂಬಿ ತೆಳ್ಳನೆ ಬಟ್ಟೆ ತಂದವರಿಗೆ ಇಲ್ಲಿ ಶಿಕ್ಷೆ ಇದೆ.

ಈ ಊರು ಹಾಡಿಗೆ ಹೆಸರಾದದ್ದು. ಚಳಿಗಾಲದಲ್ಲಿ ಕೆಂಡದ ಅಗ್ಗಿಷ್ಟಿಕೆಯ ಮೇಲೆ ತಗ್ಗಿನ ಮೇಜಿಟ್ಟು, ಮೇಲೆ ಕೌದಿಯಂಥ ರಜಾಯಿ ಹೊದಿಸಿ, ಸುತ್ತ ಕಾಲು ಚಾಚಿ ಕೂತು ರಾತ್ರಿಯೆಲ್ಲ ಹಾಡುವ ರೂಢಿ ಇತ್ತು. ಕುರ್ಸುಬಾಷಿ ಅಂತಾರೆ. ಯೆಮೆನ್ ಶೋಕದ ಇನ್ನೊಂದು ಹಾಡು ಹಾರ್ಪುಟ್ಟಿನದು ಅಂತ ಓದಿಕೊಂಡಿದ್ದೆ. ಅದು ಸಿಕ್ಕಿದ್ದು ಮಾತ್ರ ಚಪ್ಪಲಿ ಹೊಲಿಯುವವರ ಹತ್ತಿರ.

ಕೆಳಗೆ ಬಂದು ಮುಚ್ಚುಮಾಡಿನ ಪೇಟೆ ಸೇರಿದೆವು. ದ್ರಾಕ್ಷಿ ಕಾಕಂಬಿಯಲ್ಲಿ ಅದ್ದಿದ ವಾಲ್‌ನಟ್ ಸರ, ಅದಕ್ಕೆ ಓರ್ಜಿಕ್ ಅಂತಾರೆ, ಅಂಗಡಿ ಮುಂದೆ ಮೆಣಸಿನಕಾಯಿ ಸರದ ಹಾಗೆ ತೂಗುತ್ತಿರುತ್ತದೆ. ತಿಂದೇ ಬನ್ನಿ. ಹಿಂದಿನ ಓಣಿಯಲ್ಲಿ ಒಬ್ಬ ಯಜಮಾನರು ರಿಪೇರಿಗೆ ಕೂತಿದ್ದರು. ಅಕ್ಕಪಕ್ಕದವರೆಲ್ಲ ‘ಗಕ್ಕೋಷ್’ ಅಂತ ಕೂಗುತ್ತಿದ್ದರು. ಅಣ್ಣಾ ಅಂದ ಹಾಗೆ, ಎಲಾಝಿಯ ಗಂಡಸರಿಗೆಲ್ಲ ಅದೇ ಹೆಸರು. ನನ್ನ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿ, ವೈದ್ಯರು ರೋಗಿಯ ಕಡೆಯವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಅಂಟು ಸಾಲದು, ಹೊಲಿಗೆ ಬೇಕು. ಕೂರಿ, ಟೀ ಕುಡಿಯಿರಿ.

ಮುಷ್‌ಗೆ ಯಾಕೆ ಹೋಗ್ತೀರಿ ಅಂತ ಕೇಳಿದರು. ತಂಗಿ ಹೇಳಿದಳು. ಯಜಮಾನರು ದಾರ ಎಳೆಯುತ್ತಾ ಮುಷ್ ಹಾಡಿನ ಮುಂದಿನ ಸಾಲು ಗುನುಗಿದರು. ಸಿಪಾಯಿಯ ಚೀಲದಲ್ಲಿ ಏನಿದೆ ನೋಡಿ, ಒಂದು ಜೊತೆ ಕುಂದುರಾ, ಒಂದು ಫೆಜ್ ಟೋಪಿ. ‘ಕುಂದುರಾ’ ಅಂದು ನನ್ನ ಬೂಟನ್ನೇ ಎತ್ತಿ ತೋರಿಸಿದರು. ಆಮೇಲೆ ಇನ್ನೊಂದು ತಮಾಷೆ ಹೇಳಿದರು. ಹಳೆಯ ಕಾಲದ ತೆಳುವಾದ ತೊಗಲಿನ ಮೆಟ್ಟಿಗೆ ಟರ್ಕಿಶ್‌ನಲ್ಲಿ ‘ಯೆಮೆನಿ’ ಅಂತಲೇ ಹೆಸರು. ಹೆಂಗಸರ ಅಚ್ಚಿನ ತಲೆವಸ್ತ್ರಕ್ಕೂ ಯೆಮೆನಿ. ‘ಕಾಲಿಗೂ ಯೆಮೆನ್, ತಲೆಗೂ ಯೆಮೆನ್.’

ಆಮೇಲೆ, ನಮ್ಮ ಊರಿನದು ಕೇಳಿ, ಅಂದು ದನಿ ತೆಗೆದರು. ಕೆಲಸ ನಿಲ್ಲಿಸಲಿಲ್ಲ. ತಂಗಿ ಒಂದೊಂದೇ ಸಾಲು ಕನ್ನಡಕ್ಕೆ ಹೇಳುತ್ತಾ ಹೋದಳು.

‘ದಂಡಿನ ವಾದ್ಯ ಮೊಳಗಿತು, ಮದುವೆ ಅಂದುಕೊಂಡೆಯಾ?
ಕೆಂಪು ಹಸಿರು ಬಾವುಟ ಕಂಡು ಮದುಮಗಳು ಅಂದುಕೊಂಡೆಯಾ?’

ಅಲ್ಲಿಗೆ ಅವಳ ಬಾಯಿ ಕಟ್ಟಿತು. ನಾನೂ ಅವಳ ಮುಖ ನೋಡಲಿಲ್ಲ. ಮೂರನೆಯ ಸಾಲು ಅವಳು ಹೇಳಿದ್ದು ರಾತ್ರಿ, ಹೋಟೆಲಿನಲ್ಲಿ ದೀಪ ಆರಿಸಿದ ಮೇಲೆ. ‘ಯೆಮೆನ್‌ಗೆ ಹೋದವನು ಬರುತ್ತಾನೆ ಅಂದುಕೊಂಡೆಯಾ?’ ಆ ಮೇಲೆ ಹಾಡು ತಿರುಗುತ್ತದೆ, ಬೇಡಿಕೊಳ್ಳುತ್ತದೆ. ವಾಪಸ್ ಬಾ ಒಡೆಯಾ, ತಾಳಲಾರೆ. ಮಂಪರು ಕವಿದಿದೆ, ಏಳಲಾರೆ. ನೀನು ಸತ್ತೆ ಅಂದರೆ ನಂಬಲಾರೆ.

ಬೂಟಿನ ರಿಪೇರಿಗೆ ಅವರು ದುಡ್ಡು ಮುಟ್ಟಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ಟೀ ದುಡ್ಡು ತೊಗೊಂಡರು. ಅದೂ ಟೀ ಹುಡುಗನಿಗೆ.

ನಾಲ್ಕನೆಯ ದಿನ, ಮುಷ್

ಆ ರೈಲು ದಿನಾ ಇರುವುದಿಲ್ಲ. ಹಾಗಾಗಿ ಬಸ್ಸು. ಎಲಾಝಿಯಿಂದ ಬಿಂಗೋಲ್ ಮೇಲೆ ಹಾದು ಮುಷ್, ಅರ್ಧ ದಿನ ಹಿಡಿಯಿತು. ದಾರಿಯಲ್ಲಿ ಚೆಕ್‌ಪೋಸ್ಟ್ ಇರುತ್ತವೆ, ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಬಿಂಗೋಲ್ ದಾಟಿದ ಮೇಲೆ ಬೆಟ್ಟ, ಬೆಟ್ಟದ ನೆತ್ತಿಗೆ ಇನ್ನೂ ಹಿಮ, ರಸ್ತೆ ಬದಿಗೆ ಜೇನಿನ ಪೆಟ್ಟಿಗೆ. ಬಸ್ಸು ಏರುತ್ತದೆ, ಸುತ್ತುತ್ತದೆ, ಮತ್ತೆ ಏರುತ್ತದೆ. ‘ಯೋಲು ಯೋಕುಷ್ತುರ್’ ಅಂತ ನಾವಿಬ್ಬರೂ ಕಣ್ಣು ಮಿಟುಕಿಸಿಕೊಂಡೆವು.

ಆಮೇಲೆ ಇದ್ದಕ್ಕಿದ್ದ ಹಾಗೆ ಬೆಟ್ಟ ಪಕ್ಕಕ್ಕೆ ಸರಿದು, ಎದುರಿಗೆ ಹಾಸಿಟ್ಟ ಹಾಗೆ ಬಯಲು. ಮುಷ್ ಬಯಲು ಟರ್ಕಿಯ ದೊಡ್ಡ ಬಯಲುಗಳಲ್ಲಿ ಒಂದು. ರಸ್ತೆ ಗೆರೆ ಎಳೆದಷ್ಟು ನೇರ. ಏರು ಎಲ್ಲಿ? ತಂಗಿ ಮುಖ ಸಪ್ಪೆ ಮಾಡಿಕೊಂಡಳು.

ಊರಲ್ಲಿ ಟೀ ಕುಡಿಯುವುದೂ ಒಂದು ಲೆಕ್ಕಾಚಾರ. ಬೀದಿಯ ಟೀ ಅಂಗಡಿಗಳಲ್ಲಿ ಬರೀ ಗಂಡಸರು. ಯಾರೂ ಏನೂ ಅನ್ನುವುದಿಲ್ಲ, ಆದರೆ ಎಲ್ಲರ ತಲೆ ಒಟ್ಟಿಗೆ ತಿರುಗುತ್ತದೆ. ಸಂಸಾರಸ್ಥರು ಕೂರುವ ಟೀ ತೋಟಕ್ಕೆ ಹೋದೆವು. ಇಲ್ಲಿನ ಟೀ ಪಶ್ಚಿಮದ ಕಡೆಯದಕ್ಕಿಂತ ಖಡಕ್. ಗಡಿಯಾಚೆಯಿಂದ ಕದ್ದು ಬರುವ ಸಿಲೋನ್ ಪುಡಿಯ ರುಚಿ ಹತ್ತಿದವರು ಇವರು. ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಇಟ್ಟುಕೊಂಡು ಹೀರಬೇಕು. ನನಗೆ ಎರಡನೆಯ ಗುಟುಕಿಗೇ ಸಕ್ಕರೆ ಖಾಲಿ.

ಪಕ್ಕದ ಮೇಜಿನಲ್ಲಿ ನಿವೃತ್ತ ಮೇಷ್ಟ್ರು. ಎಲ್ಲಿಂದ, ಯಾಕೆ, ಮದುವೆ ಆಗಿದೆಯಾ ಎಲ್ಲ ಆದ ಮೇಲೆ ಹಾಡಿನ ಮಾತು. ತಂಗಿ ಕೇಳಿಯೇಬಿಟ್ಟಳು, ‘ಹೊಜಾಮ್, ನಿಮ್ಮ ಊರ ದಾರಿ ಏರು ಇಲ್ಲವಲ್ಲ?’

ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಈ ಹಾಡಿನ ದೊಡ್ಡ ತಕರಾರೇ ಇದು. ಒಂದು ಪಂಗಡ ಹೇಳುತ್ತದೆ, ಅದು ಮುಷ್ ಅಲ್ಲವೇ ಅಲ್ಲ, ಹುಷ್. ಯೆಮೆನ್‌ನಲ್ಲಿ ಟರ್ಕಿ ದಂಡು ಬೀಡುಬಿಟ್ಟಿದ್ದ ಜಾಗದ ಹೆಸರು. ಮುಷ್ ಬಯಲ ಊರು, ಅದಕ್ಕೆ ಏರು ಎಲ್ಲಿಂದ ಬರಬೇಕು ಅಂತ ಅವರ ವಾದ. ಟೀ ತರುವ ಹುಡುಗನೇ ಹುಷ್ ಪಕ್ಷ! ಮೇಷ್ಟ್ರು ಮೇಜು ಗುದ್ದಿದರು. ನಮ್ಮ ಕೈ ಹಿಡಿಯದೆ ಬರೀ ಕಣ್ಣಿನಲ್ಲೇ ಎಳೆದುಕೊಂಡು ಹಳೆಯ ಊರಿನ ಕಡೆ ಹೊರಟರು. ಹಳೆಯ ಮುಷ್ ಇರುವುದು ಕುರ್ತಿಕ್ ಬೆಟ್ಟದ ಬುಡಕ್ಕೆ. ಓಣಿಗಳೆಲ್ಲ ಮೇಲಕ್ಕೆ. ಹತ್ತು ನಿಮಿಷಕ್ಕೆ ನನಗೆ ಏದುಸಿರು. ಅವರು 70 ದಾಟಿದವರು, ತಿರುಗಿ ನಿಂತು ನಕ್ಕರು. ‘ಯೋಕುಷ್?’ ‘ಯೋಕುಷ್, ಯೋಕುಷ್’ ಅಂತ ಒಪ್ಪಿಕೊಂಡೆ.

ಮೇಷ್ಟ್ರು ಹೇಳಿದ ಇನ್ನೊಂದು ಸಂಗತಿ ನನಗೆ ಹೊಸದು. ಹಾಡಿನಲ್ಲಿ ‘ಬ್ಯಾರಕ್ಕಿನ ಮುಂದೆ ರೆದಿಫ್ ಸದ್ದು’ ಅಂತ ಬರುತ್ತದೆ. ರೆದಿಫ್ ಅಂದರೆ ಒಮ್ಮೆ ಸೇವೆ ಮುಗಿಸಿ ಮನೆಗೆ ಬಂದವರ ಪಡೆ. 1834ರಲ್ಲಿ ಕಟ್ಟಿದ್ದು. ಯುದ್ಧ ಬಂದರೆ ಅವರನ್ನು ಮತ್ತೆ ಕರೆಯುತ್ತಾರೆ. ಅಷ್ಟೊತ್ತಿಗೆ ಅವರಿಗೆ ಹೆಂಡತಿ, ಮಕ್ಕಳು, ಹೊಲ. ಗಜಲ್ ಓದುವವರಿಗೆ ರದೀಫ್ ಗೊತ್ತಲ್ವಾ, ಸಾಲಿನ ಕೊನೆಗೆ ಮತ್ತೆ ಮತ್ತೆ ಬರುವ ಪದ. ಅದೇ ಅರಬ್ಬಿ ಮಾತು, ಹಿಂದೆ ಬರುವವನು ಅಂತ. ಒಮ್ಮೆ ಕಳಿಸಿ ಅತ್ತವಳೇ ಎರಡನೆಯ ಸಲ ಕಳಿಸಬೇಕು.

ಆ ರಾತ್ರಿ ಹೋಟೆಲಿನಲ್ಲಿ ನಾವಿಬ್ಬರೂ ಮುಷ್ ಹುಷ್ ಅಂತ ಬಹಳ ಹೊತ್ತು ಕಚ್ಚಾಡಿದೆವು. ಆಗ ತಂಗಿ ಒಂದು ಮಾತು ಹೇಳಿದಳು. ‘ಅಕ್ಕಾ, ಬುರಾಸಿ ಅಂದ್ರ ಈ ಜಾಗ. ಹುಷ್ ಅಂದ್ರ ಹಾಡೋನು ಯೆಮೆನ್‌ನಾಗ ಇದ್ದಾನ, ಸಿಪಾಯಿ. ಮುಷ್ ಅಂದ್ರ ಹಾಡಾಕಿ ಮನ್ಯಾಗ ಇದ್ದಾಳ.’ ಒಂದು ಅಕ್ಷರ ಬದಲಾದರೆ ಅಳುವವರೇ ಬದಲಾಗುತ್ತಾರೆ! ಏರು ದಾರಿಯ ಹಿಂದೆ ಬಿದ್ದು ಇದನ್ನೇ ನೋಡಿರಲಿಲ್ಲ ನಾನು.

ನನ್ನ ಓಟು ಮುಷ್‌ಗೆ, ದಾರಿ ಹೇಗೇ ಇರಲಿ. ಹಾಡು ಶುರುವಾಗುವುದೇ ಹೀಗೆ: ಆಕಾಶದಲ್ಲಿ ಮೋಡವಿಲ್ಲ, ಇದೇನು ಹೊಗೆ? ಓಣಿಯಲ್ಲಿ ಸಾವಿಲ್ಲ, ಇದೇನು ಗೋಳು? ಓಣಿ ಅನ್ನುವವಳು ಓಣಿಯಲ್ಲಿ ನಿಂತವಳೇ. ಯೆಮೆನ್ ಅವಳಿಗೆ ‘ಆ’ ಯೆಮೆನ್, ಎಲ್ಲೋ ದೂರದ್ದು. ಯಾರೂ ಸತ್ತಿಲ್ಲ, ಬದುಕಿರುವವನನ್ನೇ ಕೂತು ಅಳುತ್ತಿದ್ದಾರೆ. 1937ರಿಂದ ಊರೂರು ತಿರುಗಿ ಜನಪದ ಹಾಡು ಧ್ವನಿಮುದ್ರಿಸಿದ ಮುಜಫ್ಫರ್ ಸಾರಿಸೋಜೆನ್ ಇದನ್ನು ಮುಷ್‌ನ ಹಾಡು ಅಂತಲೇ ಬರೆದುಕೊಂಡದ್ದು, ಕೇಳಿದ್ದು ಒಬ್ಬ ಹೆಂಗಸಿನ ಬಾಯಿಂದ.

ಇಂಥ ಹಾಡಿಗೆ ಅವರು ‘ಆಇತ್’ ಅಂತಾರೆ, ಅಳು ಅನ್ನುವುದರಿಂದಲೇ ಬಂದ ಪದ. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡ್ಯಾಡಿ ಅಳುತ್ತಾರಲ್ಲ, ಹಾಗೆ. ಟರ್ಕಿಯ ಕೆಲವು ಕಡೆ ಸತ್ತವನ ಬಟ್ಟೆ ಮುಂದಿಟ್ಟುಕೊಂಡು ಹಾಡುವ ರೂಢಿ ಇದೆ. ಯೆಮೆನ್‌ನಿಂದ ಹೆಣ ಬರುವುದಿಲ್ಲ. ಚೀಲದ ಒಂದು ಜೊತೆ ಕುಂದುರಾ, ಒಂದು ಫೆಜ್ ಹಾಡಿಗೆ ಬಂದದ್ದು ಅದಕ್ಕೇ ಇರಬೇಕು ಅಂತ ನನ್ನ ಊಹೆ.

ಐದನೆಯ ದಿನ, ಮುರಾತ್ ಸೇತುವೆ

ಮೇಷ್ಟ್ರು ಬೆಳಗ್ಗೆ ಹಾಜರ್. ಪರಿಚಯದ ಡ್ರೈವರ್ ಹುಡುಗನ ಗಾಡಿಯಲ್ಲಿ ಮುರಾತ್ ನದಿಯ ಹಳೆಯ ಕಮಾನು ಸೇತುವೆಗೆ. ಬಯಲ ತುಂಬಾ ಕಾಡು ಟ್ಯುಲಿಪ್, ಕುಂಕುಮ ಚೆಲ್ಲಿದ ಹಾಗೆ. ಏಪ್ರಿಲ್ ಕೊನೆ, ಮೇ ಮೊದಲು ಅಷ್ಟೇ ಇವುಗಳ ಆಯಸ್ಸು. ಕೀಳಬೇಡಿ, ಕಿತ್ತರೆ ದಂಡ ಇದೆ.

ಅಲ್ಲಿ ಕೂತು ಬಾಬಾಬುಡನ್ ಕತೆ ಹೇಳಿದೆ. ಯೆಮೆನ್‌ನ ಮೋಕಾದಿಂದ ಏಳು ಕಾಫಿ ಬೀಜ ಕದ್ದು ತಂದು ನಮ್ಮ ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರಂತೆ ಅಂತ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, ‘ಏಳು ಬೀಜ ಆದ್ರೂ ವಾಪಸ್ ಬಂದವಲ್ಲ.’

ಈ ಬಯಲಲ್ಲಿ ಇನ್ನೂ ಬಾರದವರಿದ್ದಾರೆ. 1915ರ ತನಕ ಇಲ್ಲಿ, ಹಾರ್ಪುಟ್‌ನಲ್ಲೂ, ಅರ್ಮೇನಿಯನ್ ಜನ ದೊಡ್ಡ ಸಂಖ್ಯೆಯಲ್ಲಿದ್ದರು. ಆ ವರ್ಷದ ಗಡೀಪಾರು, ಕೊಲೆಗಳಲ್ಲಿ ಇಲ್ಲವಾದರು. ಮೇಷ್ಟ್ರು ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತೇನೋ.

ಮಧ್ಯಾಹ್ನ ಡ್ರೈವರ್ ಹುಡುಗ ತನ್ನ ಹಳ್ಳಿಗೆ ಕರೆದೊಯ್ದ. ಅವನ ಅವ್ವ ಕುರ್ದಿಶ್ ಮಾತಾಡುವಾಕೆ. ಚೋರ್ತಿ ಬಡಿಸಿದರು, ಹುಳಿ ಬರಿಸಿದ ಎಲೆಕೋಸಿಗೆ ಗೋಧಿ ನುಚ್ಚು ಹಾಕಿದ್ದು. ನಮಗಾಗಿ ಮಾಂಸ ಬಿಟ್ಟು ಮಾಡಿದ್ದರು. ನಮ್ಮ ಮಾತು ಮಗನ ಬಾಯಿ ದಾಟಿ ಆಕೆಗೆ, ಆಕೆಯ ಮಾತು ತಂಗಿಯ ಬಾಯಿ ದಾಟಿ ನನಗೆ. ತಂಗಿ ಹಾಡಿನ ‘ಶಿವಾನ್’ ಅನ್ನುವ ಪದ ಹೇಳಿದಳು, ಗೋಳಾಟ ಅಂತ. ಆಕೆಗೆ ನಗು ತಡೆಯಲಿಲ್ಲ. ಕುರ್ದಿಶ್‌ನಲ್ಲಿ ಶಿವಾನ್ ಎಂದರೆ ಕುರಿ ಕಾಯುವವನು! ಓಣಿಯಲ್ಲಿ ಸಾವಿಲ್ಲ, ಇದೇನು ಕುರುಬ?

ನಿಮ್ಮ ಮನೆಯಿಂದ ಯಾರಾದರೂ ಯೆಮೆನ್‌ಗೆ ಹೋಗಿದ್ದರಾ ಅಂತ ಕೇಳಿದೆ. ಆಕೆ ಇಲ್ಲ ಅಂದರು. ಗೋಡೆಯ ಮೇಲೆ ಎರಡು ಫೋಟೋ. ದೊಡ್ಡ ಮಗ ಜರ್ಮನಿಯಲ್ಲಿ, ಹನ್ನೊಂದು ವರ್ಷ ಆಯಿತು, ಎರಡು ಸಲ ಬಂದಿದ್ದಾನೆ. ನಡುವಿನವನು ಇಸ್ತಾಂಬುಲ್‌ನಲ್ಲಿ. ಆ ಹಾಡು ರೇಡಿಯೋದಲ್ಲಿ ಬಂದರೆ ನಾನು ಆರಿಸಿಬಿಡುತ್ತೇನೆ ಅಂದರು. ಆಮೇಲೆ ನಮ್ಮ ಕಡೆ ತಿರುಗಿ, ನೀವು ಮನೆ ಬಿಟ್ಟು ಎಷ್ಟು ದಿನ ಆಯಿತು, ನಿಮ್ಮ ಅವ್ವ ಊಟ ಮಾಡುತ್ತಾರಾ ಅಂತ ವಿಚಾರಣೆ ಶುರು.

ಹೊರಡುವಾಗ ಆಕೆ ಒಳಗೆ ಓಡಿ ಒಂದು ತಂಬಿಗೆ ನೀರು ತಂದರು. ಕುಡಿಯಲಿಕ್ಕೆ ಅಂದುಕೊಂಡು ನಾನು ಕೈ ಚಾಚಿದೆ. ಹುಡುಗ, ಹತ್ತಿ ಹತ್ತಿ ಅಂದ. ಗಾಡಿ ಹೊರಡುತ್ತಿದ್ದ ಹಾಗೆ ಆಕೆ ಆ ನೀರನ್ನು ನಮ್ಮ ಹಿಂದೆ ರಸ್ತೆಗೆ ಚೆಲ್ಲಿದರು. ದೂರ ಹೊರಟವರ ಹಿಂದೆ ಹಾಗೆ ಚೆಲ್ಲುತ್ತಾರೆ. ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ ಅಂತ. ಬಾಗಿಲು ಇನ್ನೂ ಹಾಕಿರಲಿಲ್ಲ. ಅರ್ಧ ನೀರು ನನ್ನ ಬಲಗಾಲಿನ ಬೂಟಿನ ಮೇಲೆ ಬಿತ್ತು. ಎಲಾಝಿಯ ಹೊಲಿಗೆ ಗಟ್ಟಿ, ಒಂದು ಹನಿಯೂ ಒಳಗೆ ಇಳಿಯಲಿಲ್ಲ.